ಕ್ರಿಯಾಪದದ ಕಾಲವನ್ನು ನೋಡಿ ಹಣ ಹೂಡಿ

ವ್ಯಾಕರಣವೆಂದರೆ ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಬೇಸರ. ಭೂತಕಾಲ, ವರ್ತಮಾನಕಾಲ, ಭವಿಷ್ಯತ್ಕಾಲ ಎಂದು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರುದಿನವೇ ಮರೆತುಬಿಡುತ್ತಾರೆ. ಈ ಪಾಠದಿಂದ ಜೀವನಕ್ಕೇನು ಪ್ರಯೋಜನವೆಂದು ಕೇಳುವವರೂ ಉಂಟು. ಅಂಥವರಿಗೆ ನನ್ನ ಉತ್ತರವಿಷ್ಟೆ: ಈ ಮೂರು ಕಾಲಗಳ ವ್ಯತ್ಯಾಸವನ್ನು ಚೆನ್ನಾಗಿ ಅರಿತವನು ಹಣಕಾಸಿನ ವ್ಯವಹಾರದಲ್ಲಿ ಅಷ್ಟು ಸುಲಭವಾಗಿ ಎಡವಲಾರನು. ಇದನ್ನು ಒಂದು ವಿದ್ಯುತ್ ಕಾರಿನ ವೃತ್ತಾಂತದ ಮೂಲಕ ವಿವರಿಸಲು ಇಚ್ಛಿಸುತ್ತೇನೆ.

ಹಿಂದೆ ಷೇರು ಎಂಬ ಮಾತು ದೊಡ್ಡ ಪಟ್ಟಣಗಳ ಸಾಹುಕಾರರ ಮನೆಗಳಲ್ಲಿ ಮಾತ್ರ ಕೇಳಿಬರುತ್ತಿತ್ತು. ಈಗ ಕೈಯಲ್ಲಿರುವ ಮೊಬೈಲ್ ಫೋನಿನಿಂದಲೇ ಯಾರು ಬೇಕಾದರೂ ಷೇರು ಕೊಳ್ಳಬಹುದು. ಎಡಪ್ಪಾಡಿಯಂತಹ ನೇಯ್ಗೆಯ ಊರಿನಲ್ಲಿಯೂ ಮಗ್ಗದ ಸದ್ದಿನ ನಡುವೆ ಷೇರಿನ ಮಾತು ನಡೆಯುತ್ತದೆ. ಮಕ್ಕಳ ಓದಿನ ವಿಷಯ ವಿಚಾರಿಸಲು ಶಾಲೆಗೆ ಬರುವ ತಂದೆತಾಯಂದಿರು ಕೂಡ, “ಯಾವ ಕಂಪನಿಯ ಷೇರು ತೆಗೆದುಕೊಂಡರೆ ಒಳ್ಳೆಯದು, ಸಾರ್?” ಎಂದು ಕೇಳುವ ಕಾಲವಿದು. ಆದುದರಿಂದ ಈ ವಿಷಯ ಶಾಲೆಯ ವಾರ್ಷಿಕ ಸಂಚಿಕೆಗೆ ಹೊರಗಿನದಲ್ಲವೆಂದು ನನ್ನ ನಂಬಿಕೆ.

ನಮ್ಮ ನೆರೆಯ ಕೃಷ್ಣಗಿರಿ ಜಿಲ್ಲೆ 2004ರವರೆಗೂ ಧರ್ಮಪುರಿ ಜಿಲ್ಲೆಯ ಭಾಗವೇ ಆಗಿತ್ತು. ಅಲ್ಲಿನ ಪೋಚಂಪಳ್ಳಿಯಲ್ಲಿ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ ಕಂಪನಿಯು ವಿದ್ಯುತ್ ಸ್ಕೂಟರುಗಳ ದೊಡ್ಡ ಕಾರ್ಖಾನೆಯನ್ನು ಕಟ್ಟಿತು. ಇದಕ್ಕಾಗಿ 2020ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರದೊಂದಿಗೆ 2,400 ಕೋಟಿ ರೂಪಾಯಿಗಳ ಹೂಡಿಕೆಯ ಒಪ್ಪಂದವಾಗಿತ್ತು. ಮಹಿಳೆಯರೇ ನಡೆಸುವ ಕಾರ್ಖಾನೆ ಇದಾಗುವುದೆಂದು 2021ರಲ್ಲಿ ಪ್ರಕಟವಾದಾಗ, ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಸಂತೋಷವಾದುದು ಸಹಜವೇ. ಅದೇ ವರ್ಷ ಜುಲೈ ತಿಂಗಳಲ್ಲಿ 499 ರೂಪಾಯಿ ಕೊಟ್ಟು ಸ್ಕೂಟರನ್ನು ಕಾದಿರಿಸಬಹುದೆಂದು ಕಂಪನಿಯು ಹೇಳಿತು. ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದು ಲಕ್ಷ ಮಂದಿ ಹೆಸರು ಬರೆಯಿಸಿದರೆಂದೂ ತಿಳಿಸಿತು. ಸ್ಕೂಟರುಗಳು ನಿಜವಾಗಿಯೂ ತಯಾರಾದವು, ಬೀದಿಗಳಲ್ಲಿ ಓಡಿದವು. 2023–24ರಲ್ಲಿ ದೇಶದಲ್ಲಿ ಅತಿ ಹೆಚ್ಚು ವಿದ್ಯುತ್ ದ್ವಿಚಕ್ರ ವಾಹನಗಳನ್ನು ಮಾರಿದ ಕಂಪನಿ ಇದೇ. ಇದು ಭೂತಕಾಲದ ವಾಕ್ಯ. ಇದರ ಗೌರವವನ್ನು ಇದಕ್ಕೆ ಸಲ್ಲಿಸಲೇಬೇಕು.

ಇನ್ನು ಕಾರಿನ ವಿಷಯ. 2022ರ ಆಗಸ್ಟ್ 15ರಂದು ಇದೇ ಕಂಪನಿಯು ತಾನು ವಿದ್ಯುತ್ ಕಾರನ್ನೂ ತಯಾರಿಸುವುದಾಗಿ ಘೋಷಿಸಿತು. ಒಮ್ಮೆ ವಿದ್ಯುತ್ ತುಂಬಿಸಿದರೆ 500 ಕಿಲೋಮೀಟರಿಗಿಂತಲೂ ಹೆಚ್ಚು ದೂರ ಓಡುವುದು, ನಾಲ್ಕೇ ಸೆಕೆಂಡುಗಳಲ್ಲಿ ನೂರು ಕಿಲೋಮೀಟರ್ ವೇಗವನ್ನು ಮುಟ್ಟುವುದು, ಗಾಜಿನ ಚಾವಣಿ ಇರುವುದು, 2024ರಲ್ಲಿ ಮಾರುಕಟ್ಟೆಗೆ ಬರುವುದು ಎಂದೆಲ್ಲ ಹೇಳಲಾಯಿತು. ವಿದ್ಯಾರ್ಥಿಗಳೇ, ಕ್ರಿಯಾಪದಗಳನ್ನು ಗಮನಿಸಿ: ಓಡುವುದು, ಮುಟ್ಟುವುದು, ಇರುವುದು, ಬರುವುದು. ಎಲ್ಲವೂ ಭವಿಷ್ಯತ್ಕಾಲ. 2024 ಬಂದಿತು. ಸಾರ್ವಜನಿಕರಿಗೆ ಷೇರು ಮಾರಲು ಹೊರಟ ಆ ವರ್ಷದಲ್ಲಿಯೇ ಕಂಪನಿಯು, ಸದ್ಯಕ್ಕೆ ದ್ವಿಚಕ್ರ ವಾಹನಗಳ ಕಡೆಗೇ ತನ್ನ ಗಮನವೆಂದು ಹೇಳಿತು. ವರ್ಷ ಮುಗಿಯಿತು, ಕಾರು ಬರಲಿಲ್ಲ. ಭವಿಷ್ಯತ್ಕಾಲದ ಕ್ರಿಯಾಪದವು ನಿಷೇಧಾರ್ಥಕ ರೂಪಕ್ಕೆ ತಿರುಗಿತು.

ಷೇರಿನ ಕಥೆಯೂ ಕೇಳತಕ್ಕದ್ದೇ. 2024ರ ಆಗಸ್ಟಿನಲ್ಲಿ ಒಂದು ಷೇರಿಗೆ 76 ರೂಪಾಯಿಯಂತೆ ಕಂಪನಿಯು ಷೇರುಗಳನ್ನು ಮಾರಿತು. ಸಾಮಾನ್ಯ ಜನರು ಕನಿಷ್ಠ 195 ಷೇರುಗಳಿಗೆ ಅರ್ಜಿ ಹಾಕಬೇಕಿತ್ತು. ಅಂದರೆ 14,820 ರೂಪಾಯಿ. ಆಗಸ್ಟ್ 9ರಂದು ಷೇರುಪೇಟೆಯಲ್ಲಿ ವ್ಯವಹಾರ ಆರಂಭವಾಯಿತು. ಆಗಸ್ಟ್ 20ರಂದು ಬೆಲೆ 157 ರೂಪಾಯಿಯನ್ನು ದಾಟಿತು. ಹನ್ನೆರಡು ದಿನಗಳೊಳಗೆ ದುಪ್ಪಟ್ಟು! ಈ ಹನ್ನೆರಡು ದಿನಗಳಲ್ಲಿ ಪೋಚಂಪಳ್ಳಿಯ ಕಾರ್ಖಾನೆಯೇನು ದುಪ್ಪಟ್ಟಾಯಿತೇ? ತಯಾರಾಗುವ ಸ್ಕೂಟರುಗಳ ಸಂಖ್ಯೆ ದುಪ್ಪಟ್ಟಾಯಿತೇ? ಇಲ್ಲ. ದುಪ್ಪಟ್ಟಾದದ್ದು ಜನರ ನಿರೀಕ್ಷೆ ಮಾತ್ರ. 2023–24ರಲ್ಲಿ ಕಂಪನಿಗೆ 1,584 ಕೋಟಿ ರೂಪಾಯಿ ನಷ್ಟವಾಗಿತ್ತು. ಆರಂಭದಿಂದಲೂ ನಷ್ಟವೇ ಆಗಿದೆಯೆಂಬುದನ್ನು ಷೇರು ಮಾರಾಟದ ವಿವರಪತ್ರದಲ್ಲಿ ಕಂಪನಿಯೇ ಅಚ್ಚು ಹಾಕಿಸಿತ್ತು. ಬಚ್ಚಿಟ್ಟ ವಿಷಯವಲ್ಲ, ಓದುವವರು ಕಡಿಮೆ, ಅಷ್ಟೆ.

ಅನಂತರ ನಡೆದುದೇನು? ಅದೇ ವರ್ಷ ಅಕ್ಟೋಬರಿನಲ್ಲಿ, ಹತ್ತು ಸಾವಿರಕ್ಕೂ ಹೆಚ್ಚು ದೂರುಗಳ ವಿಷಯವಾಗಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಕಂಪನಿಗೆ ನೋಟೀಸು ಕಳುಹಿಸಿತು. ಬಹುತೇಕ ದೂರುಗಳನ್ನು ಪರಿಹರಿಸಿರುವುದಾಗಿ ಕಂಪನಿಯು ಉತ್ತರಿಸಿತು. 2024–25ರಲ್ಲಿ ನಷ್ಟವು 2,276 ಕೋಟಿಗೆ ಏರಿತು. 2025ರ ಜುಲೈನಲ್ಲಿ ಷೇರಿನ ಬೆಲೆ 40 ರೂಪಾಯಿಯ ಆಸುಪಾಸಿಗೆ ಇಳಿಯಿತು. ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. 157 ರೂಪಾಯಿಯಂತೆ 195 ಷೇರು ಕೊಂಡವರು ಕೊಟ್ಟದ್ದು 30,615 ರೂಪಾಯಿ. 40 ರೂಪಾಯಿಯಂತೆ ಅದರ ಬೆಲೆ 7,800 ರೂಪಾಯಿ.

ಇಲ್ಲಿ ಇನ್ನೊಂದು ಸಂಗತಿಯನ್ನು ಪೋಷಕರು ಮನಗಾಣಬೇಕು. 76 ರೂಪಾಯಿಗೆ ಹೊಸ ಷೇರನ್ನು ಕೊಂಡವರ ಹಣ ಕಂಪನಿಯನ್ನು ಸೇರಿತು. ಅದರಿಂದ ಯಂತ್ರ ಕೊಳ್ಳಬಹುದು, ಸಾಲ ತೀರಿಸಬಹುದು. ಆದರೆ ಪೇಟೆಯಲ್ಲಿ 157 ರೂಪಾಯಿಗೆ ಕೊಂಡವರ ಹಣ ಕಾರ್ಖಾನೆಗೆ ಹೋಗಲಿಲ್ಲ. ಅವರಿಗಿಂತ ಮೊದಲು ಕೊಂಡಿದ್ದವರ ಜೇಬಿಗೆ ಹೋಯಿತು. ನಮ್ಮ ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯು 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೊಸ ಷೇರು ಮಾರಾಟಗಳಲ್ಲಿ ಬಿಡಿ ಹೂಡಿಕೆದಾರರಿಗೆ ದೊರೆತ ಷೇರುಗಳಲ್ಲಿ ಬೆಲೆಯ ಲೆಕ್ಕದಲ್ಲಿ ಸುಮಾರು ಅರ್ಧದಷ್ಟು ಒಂದೇ ವಾರದಲ್ಲಿ ಮಾರಾಟವಾಗಿಬಿಡುತ್ತಿತ್ತು. ಒಂದು ವಾರದಲ್ಲಿ ಯಾವ ಕಾರ್ಖಾನೆ ತಾನೆ ಬೆಳೆದೀತು? ಹೀಗೆ ಕೊಂಡು ಮಾರುವವರು ಕಾರ್ಖಾನೆಯಲ್ಲಿ ಹಣ ಹೂಡುತ್ತಿಲ್ಲ. ತಮ್ಮ ಹಿಂದೆ ಬರುವವನ ಆಸೆಯಲ್ಲಿ ಹೂಡುತ್ತಿದ್ದಾರೆ.

ಇದು ನೇಯ್ಗೆಯವರ ಮನೆಗಳಿಗೆ ತಿಳಿಯದ ಮಾತೇನಲ್ಲ. ಮಗ್ಗಕ್ಕೆ ಹಾಸು ಏರಿಸಿದ ಮಾತ್ರಕ್ಕೆ ಸೀರೆಯಾಗುವುದಿಲ್ಲ. ಹೊಕ್ಕು ಸೇರಬೇಕು, ಎಳೆ ಕಡಿದರೆ ಕಟ್ಟಬೇಕು, ಬಟ್ಟೆ ಮಗ್ಗದಿಂದ ಇಳಿಯಬೇಕು, ಅಳತೆ ಸರಿಯಾಗಬೇಕು, ಆಮೇಲೆ ಕೂಲಿ. ಹಾಸನ್ನು ಮಾತ್ರ ನೋಡಿ ಸೀರೆಯ ಬೆಲೆಯನ್ನು ಯಾರೂ ಕೊಡುವುದಿಲ್ಲ. ಒಂದು ಮೊಳ ಬಟ್ಟೆಗೆ ಇಷ್ಟು ಎಚ್ಚರಿಕೆ ಇರುವ ನಾವು, ಕಣ್ಣಿಗೆ ಕಾಣದ ಕಾರಿಗೆ ಅದನ್ನು ಕೈಬಿಡುವುದೇಕೆ? ‘ಕೂಸು ಹುಟ್ಟುವ ಮುಂಚೆ ಕುಲಾವಿ’ ಎಂದು ಹಿರಿಯರು ನಗುತ್ತಿದ್ದುದು ಸುಮ್ಮನೆ ಅಲ್ಲ.

“ಅಮೆರಿಕದ ಟೆಸ್ಲಾ ಕಂಪನಿಯ ಷೇರನ್ನು 2010ರಲ್ಲಿ 17 ಡಾಲರಿಗೆ ಕೊಂಡವರು ಶ್ರೀಮಂತರಾಗಲಿಲ್ಲವೇ?” ಎಂದು ಕೆಲವರು ಕೇಳಬಹುದು. ಆದದ್ದು ನಿಜ. ಆದರೆ ಆ ಕಂಪನಿಯು ಒಂದು ಪೂರ್ಣ ವರ್ಷದ ಲಾಭವನ್ನು ಮೊದಲ ಬಾರಿಗೆ ಕಂಡದ್ದು 2020ರಲ್ಲಿ. ಹತ್ತು ವರ್ಷ ಕಾಯುವ ಶಕ್ತಿ ಎಲ್ಲ ಮನೆಗಳಿಗೂ ಇರುವುದಿಲ್ಲ. ಅದೇ ಅಮೆರಿಕದಲ್ಲಿ ನಿಕೋಲಾ ಎಂಬ ಕಂಪನಿಯು ಒಂದು ಲಾರಿಯನ್ನೂ ಮಾರುವ ಮೊದಲೇ, 2020ರ ಜೂನಿನಲ್ಲಿ, ಷೇರುಗಳ ಒಟ್ಟು ಬೆಲೆಯಲ್ಲಿ ಹಳೆಯ ಫೋರ್ಡ್ ಕಂಪನಿಯನ್ನೇ ಮೀರಿಸಿತ್ತು. 2025ರ ಫೆಬ್ರವರಿಯಲ್ಲಿ ಅದು ದಿವಾಳಿತನದ ಅರ್ಜಿ ಸಲ್ಲಿಸಿತು. ವಿದ್ಯುತ್ ಕಾರು ತಯಾರಿಸುತ್ತಿದ್ದ ಫಿಸ್ಕರ್ ಕಂಪನಿಯು 2024ರ ಜೂನಿನಲ್ಲಿಯೇ ಆ ದಾರಿ ಹಿಡಿದಿತ್ತು. ಗೆದ್ದವನ ಕಥೆ ಊರೆಲ್ಲ ಹರಡುತ್ತದೆ. ಸೋತವನ ಕಥೆ ಅವನ ಮನೆಯೊಳಗೇ ಉಳಿಯುತ್ತದೆ.

ಹಾಗಾದರೆ ಭವಿಷ್ಯವನ್ನು ನಂಬಲೇಬಾರದೇ? ಹಾಗಲ್ಲ. ನಮ್ಮ ಹೊಲಗಳಿಗೆ ನೀರುಣಿಸುವ ಮೇಟ್ಟೂರು ಅಣೆಕಟ್ಟೆಯೂ ಒಂದು ಕಾಲಕ್ಕೆ ಭವಿಷ್ಯತ್ಕಾಲದ ವಾಕ್ಯವೇ ಆಗಿತ್ತು. 1925ರಲ್ಲಿ ಕೆಲಸ ಆರಂಭವಾಗಿ 1934ರಲ್ಲಿ ಮುಗಿಯಿತು. ವಿದ್ಯುತ್ ಕಾರಿನಲ್ಲಿಯೇ ನಮ್ಮವರ ಸಾಧನೆಯೊಂದಿದೆ. ಬೆಂಗಳೂರಿನ ರೇವಾ ಕಂಪನಿಯು 1994ರಲ್ಲಿ ಹುಟ್ಟಿತು. ಚೇತನ್ ಮೈನಿ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಶ್ರಮಿಸಿ 2001ರಲ್ಲಿ ತಮ್ಮ ಪುಟ್ಟ ವಿದ್ಯುತ್ ಕಾರನ್ನು ರಸ್ತೆಗೆ ಇಳಿಸಿದರು. ಅದು ಲಂಡನ್ನಿನ ಬೀದಿಗಳಲ್ಲಿಯೂ ‘ಜಿ-ವಿಜ್’ ಎಂಬ ಹೆಸರಿನಿಂದ ಓಡಿತು. ಆದರೂ ಮಾರಾಟವಾದದ್ದು ಕೆಲವೇ ಸಾವಿರ ಕಾರುಗಳು. 2010ರಲ್ಲಿ ಮಹೀಂದ್ರಾ ಕಂಪನಿಯು ಅದರ ಹೆಚ್ಚಿನ ಪಾಲನ್ನು ಕೊಂಡಿತು. ‘ಕಾರು ಬಂದಿತು’ ಎಂಬುದಕ್ಕೂ ‘ಲಾಭ ಬಂದಿತು’ ಎಂಬುದಕ್ಕೂ ನಡುವೆ ಎಷ್ಟು ದೂರವಿದೆಯೆಂಬುದನ್ನು ಇದರಿಂದ ತಿಳಿಯಬಹುದು. ಕಾರೇ ಬಾರದಿದ್ದಾಗ ಆ ದೂರ ಇನ್ನೆಷ್ಟಿರಬೇಡ!

ಹೊಗೆಯುಗುಳದ ವಾಹನಗಳು ದೇಶಕ್ಕೆ ಬೇಕು. ಅವನ್ನು ಮಾಡುವ ಸಾಹಸಿಗಳೂ ಬೇಕು, ಅವರಿಗೆ ಹಣ ಒದಗಿಸುವವರೂ ಬೇಕು. ನನ್ನ ಅಭಿಪ್ರಾಯವಿಷ್ಟೆ: ಸೋತರೂ ಮನೆ ಅಲುಗದಂಥ ಹಣ ಮಾತ್ರ ಭವಿಷ್ಯತ್ಕಾಲದ ಮೇಲೆ ಹೋಗಬೇಕು. ಹತ್ತನೆಯ ತರಗತಿ ಮುಗಿಸಿದ ಮಗಳ ಕಾಲೇಜಿನ ಶುಲ್ಕ, ನೂಲಿಗೆಂದು ಇಟ್ಟ ಹಣ, ಬಡ್ಡಿಗೆ ತಂದ ಸಾಲ, ಇವು ಯಾವುವೂ ಅಲ್ಲಿಗೆ ಹೋಗಕೂಡದು. ಷೇರುಪೇಟೆಗೆ ಹದಿನೈದು ಸಾವಿರ ರೂಪಾಯಿ ಏನೂ ಅಲ್ಲ. ಒಂದು ನೇಕಾರರ ಮನೆಯಲ್ಲಿ ಅಷ್ಟು ಹಣ ಹೋದರೆ ಒಬ್ಬ ಹುಡುಗಿಯ ಓದು ನಿಲ್ಲಬಹುದು. ಪೇಟೆಯ ಏರಿಳಿತದ ಪಟ್ಟಿಯಲ್ಲಿ ಈ ನಷ್ಟ ಎಲ್ಲಿಯೂ ನಮೂದಾಗುವುದಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ತಂದೆತಾಯಂದಿರಿಗೆ ನೀವು ಸಹಾಯ ಮಾಡಬಲ್ಲಿರಿ. ಇಂತಹ ಜಾಹೀರಾತು ಮನೆಗೆ ಬಂದಾಗ ಒಂದು ಪೆನ್ಸಿಲು ತೆಗೆದುಕೊಂಡು ಕುಳಿತುಕೊಳ್ಳಿ. ‘ಮಾಡಿದೆವು’, ‘ಮಾರಿದೆವು’, ‘ಗಳಿಸಿದೆವು’ ಎಂಬ ಮಾತುಗಳಿಗೆ ಒಂದು ಗೆರೆ ಎಳೆಯಿರಿ. ‘ಮಾಡುವೆವು’, ‘ಬರುವುದು’ ಎಂಬ ಮಾತುಗಳಿಗೆ ಎರಡು ಗೆರೆ ಎಳೆಯಿರಿ. ಎರಡು ಗೆರೆಯ ಮಾತುಗಳನ್ನೆಲ್ಲ ಸಂಭಾವನಾರ್ಥಕ ರೂಪಕ್ಕೆ ತಿರುಗಿಸಿ, ‘ಕಾರು ಬಂದೀತು’, ‘ಲಾಭವಾದೀತು’ ಎಂದು ಅಪ್ಪನಿಗೂ ಅಮ್ಮನಿಗೂ ಗಟ್ಟಿಯಾಗಿ ಓದಿ ಹೇಳಿ. ಆಮೇಲೂ ಅವರು ಹಣ ಹೂಡಲು ಮನಸ್ಸು ಮಾಡಿದರೆ ಹೂಡಲಿ. ಕಣ್ಣು ತೆರೆದುಕೊಂಡೇ ಹೂಡಿದಂತಾಗುತ್ತದೆ. ನೀವು ಕಲಿತ ವ್ಯಾಕರಣವೂ ಪರೀಕ್ಷೆಯ ಅಂಕಗಳಿಗಿಂತ ದೊಡ್ಡದೊಂದು ಕೆಲಸಕ್ಕೆ ಬಂದಂತಾಗುತ್ತದೆ.