ಶಾಲಾಶಿಸ್ತಿನಲ್ಲಿ ವರ್ಣಪಕ್ಷಪಾತ

ವರ್ಣಾನುಸಾರವಾಗಿ ಶಾಲೆಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಸಾರಿ ಏಳು ದಶಕಗಳು ಸಂದಿದ್ದರೂ, ಒಂದೇ ಬಾಗಿಲಿನಿಂದ ಒಳಹೊಕ್ಕ ಮಕ್ಕಳಲ್ಲಿ ಯಾರು ಶಿಕ್ಷೆಗೊಳಗಾಗಿ ಹೊರಬೀಳುವರೆಂಬುದರಲ್ಲಿ ಮೈಬಣ್ಣದ ಪ್ರಭಾವ ಇನ್ನೂ ಅಳಿಯದಿರುವುದು ಅತ್ಯಂತ ವಿಷಾದಕರ. ಆ ದೇಶದ ಆಡಳಿತವನ್ನು ಶಾಸನಸಭೆಯ ಪರವಾಗಿ ಪರಿಶೋಧಿಸುವ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯಂತೆ, 2013–14ನೆಯ ಸಾಲಿನಲ್ಲಿ ಸಾರ್ವಜನಿಕ ಶಾಲೆಗಳ ವಿದ್ಯಾರ್ಥಿಗಳಲ್ಲಿ ಕಪ್ಪುವರ್ಣೀಯರು ಶೇಕಡ 15.5ರಷ್ಟಿದ್ದರೆ, ಅಮಾನತಿಗೆ ಗುರಿಯಾದವರಲ್ಲಿ ಅವರು ಸುಮಾರು ಶೇಕಡ 39. ಅಕ್ಷರಾಭ್ಯಾಸಕ್ಕೆ ಇನ್ನೂ ತೊಡಗದ ಶಿಶುವಿಹಾರದ ಮಕ್ಕಳಲ್ಲಿಯೂ ಅದೇ ಸಾಲಿನಲ್ಲಿ ಶೇಕಡ 19ರಷ್ಟಿದ್ದ ಕಪ್ಪುವರ್ಣೀಯರ ಪಾಲಿಗೆ ಅಮಾನತುಗಳಲ್ಲಿ ಶೇಕಡ 47 ಬಂದಿತ್ತು.

ಬಡತನವೇ ಇದಕ್ಕೆ ಕಾರಣವೆನ್ನುವವರುಂಟು. ಆದರೆ ಸ್ಥಿತಿವಂತರ ಮಕ್ಕಳು ಓದುವ ಶಾಲೆಗಳಲ್ಲಿಯೂ ಈ ಅಂತರ ಉಳಿದಿತ್ತೆಂದು ಅದೇ ವರದಿ ತಿಳಿಸುತ್ತದೆ. ಇದರ ಮೂಲವನ್ನು ಸಂಶೋಧಕ ರಸೆಲ್ ಸ್ಕೀಬಾ ಮತ್ತು ಅವರ ಸಹೋದ್ಯೋಗಿಗಳು 2002ರ ಅಧ್ಯಯನದಲ್ಲಿ ತೋರಿಸಿಕೊಟ್ಟರು: ಬಿಳಿಯ ಮಕ್ಕಳ ಮೇಲೆ ಹೆಚ್ಚಾಗಿ ಬಂದ ದೂರುಗಳು ಧೂಮಪಾನ, ಅಪ್ಪಣೆಯಿಲ್ಲದ ನಿರ್ಗಮನ, ಸ್ವತ್ತಿನ ನಾಶ ಮುಂತಾದ ಪ್ರತ್ಯಕ್ಷ ದೋಷಗಳವು, ಕಪ್ಪುವರ್ಣೀಯ ಮಕ್ಕಳ ಮೇಲಣ ದೂರುಗಳಾದರೋ ಅಗೌರವ, ಅತಿ ಗದ್ದಲ, ಬೆದರಿಕೆ ಮೊದಲಾಗಿ, ನೋಡುವವರ ಮನೋಧರ್ಮವೇ ನಿರ್ಣಯಿಸಬೇಕಾದವು. ನಿಯಮ ಎಲ್ಲಿ ಅಸ್ಪಷ್ಟವೋ ಅಲ್ಲಿ ಪೂರ್ವಗ್ರಹವೇ ನ್ಯಾಯಾಧೀಶನಾಗುತ್ತದೆ. ಅಮಾನತಿಗೆ ಮುನ್ನ ವಿದ್ಯಾರ್ಥಿಯ ಅಹವಾಲನ್ನು ಕೇಳತಕ್ಕದ್ದೆಂದು 1975ರಲ್ಲಿ ಸರ್ವೋಚ್ಚ ನ್ಯಾಯಾಲಯ ವಿಧಿಸಿತೇನೋ ನಿಜ. ಆದರೆ ಲಕ್ಷಣವೇ ನಿರ್ದಿಷ್ಟವಾಗಿರದ ಅಪರಾಧವನ್ನು ತಾನು ಮಾಡಲಿಲ್ಲವೆಂದು ಹತ್ತು ವರ್ಷದ ಬಾಲಕ ಯಾವ ಬಗೆಯಿಂದ ಸಾಧಿಸಿ ತೋರಿಸಬಲ್ಲನು?

ಆದಕಾರಣ ಕ್ಯಾಲಿಫೋರ್ನಿಯ ಹಿಡಿದ ದಾರಿ ಶ್ಲಾಘ್ಯವಾದುದು. ಉದ್ದೇಶಪೂರ್ವಕ ಅವಿಧೇಯತೆಯೆಂಬ ಒಂದೇ ಕಾರಣಕ್ಕಾಗಿ ಮಕ್ಕಳನ್ನು ಅಮಾನತು ಮಾಡುವುದನ್ನು ಆ ರಾಜ್ಯ 2014ರಲ್ಲಿ ಕೆಳತರಗತಿಗಳಿಗೆ ನಿಷೇಧಿಸಿತು. 2023ರಲ್ಲಿ ಆ ನಿಷೇಧವನ್ನು ಹನ್ನೆರಡನೆಯ ತರಗತಿಯವರೆಗೂ ವಿಸ್ತರಿಸಿತು. ಕಲಿಯಬಯಸುವ ಇತರ ಮಕ್ಕಳ ಗತಿಯೇನೆಂಬ ಉಪಾಧ್ಯಾಯರ ಆತಂಕ ನಿರಾಧಾರವೆನ್ನಲಾಗದು. ಆದರೆ ಪಾಠಕ್ಕೆ ಅಡ್ಡಿಪಡಿಸುವವನನ್ನು ತಮ್ಮ ತರಗತಿಯಿಂದ ಹೊರಗೆ ಕಳುಹಿಸುವ ಅಧಿಕಾರವನ್ನು ಈ ಕಾನೂನು ಅವರಿಂದ ಕಸಿದುಕೊಂಡಿಲ್ಲ. ಶಿಷ್ಯನ ದೃಷ್ಟಿಯಿಂದ ಸನ್ನಿವೇಶವನ್ನು ಗ್ರಹಿಸಲು ಗುರುಗಳಿಗೆ ಪ್ರೇರಣೆಯಿತ್ತರೆ ಏನಾಗುವುದೆಂಬುದನ್ನು ಅದೇ ರಾಜ್ಯದ ಐದು ಮಾಧ್ಯಮಿಕ ಶಾಲೆಗಳಲ್ಲಿ ಸಂಶೋಧಕ ಜೇಸನ್ ಒಕೊನೊಫುವಾ ಮತ್ತು ಸಂಗಡಿಗರು ಪರೀಕ್ಷಿಸಿದರು. ಕಿರಿದಾದ ಆ ಪ್ರಯತ್ನದಿಂದಲೇ ಅಮಾನತಾಗುವ ವಿದ್ಯಾರ್ಥಿಗಳ ಪ್ರಮಾಣ ಅರ್ಧಕ್ಕೆ ಇಳಿಯಿತೆಂದು 2016ರಲ್ಲಿ ವರದಿಯಾಯಿತು.

ಮೇಲಿನ ತರಗತಿಗಳಿಗೆ ಸಂಬಂಧಿಸಿದ ನಿಷೇಧದ ಅವಧಿ 2029ರಲ್ಲಿ ಮುಗಿಯಲಿದೆ. ಅದು ಶಾಶ್ವತವಾಗಬೇಕು, ಇತರ ರಾಜ್ಯಗಳೂ ಅದನ್ನು ಅನುಸರಿಸಬೇಕು. ಅಲ್ಲಿ ನೆಲೆಸಿ ಮತಾಧಿಕಾರ ಪಡೆದಿರುವ ಕನ್ನಡಿಗರು, ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತು ಓದುವ ಮಗುವಿಗಾಗುವ ಅನ್ಯಾಯವೂ ತಮಗೆ ಸಂಬಂಧಪಟ್ಟದ್ದೆಂದು ಬಗೆದು, ಶಾಲಾಮಂಡಲಿಗಳ ಚುನಾವಣೆಗಳಲ್ಲಿ ಈ ಪ್ರಶ್ನೆಯನ್ನು ಎತ್ತುವುದು ಅವರ ನಾಗರಿಕ ಕರ್ತವ್ಯವಾಗಿದೆ.