ಕಾಣದ ತಿರುಚು: ಹಳೆಯ ಎಂಜಿನಿಗೆ ಕಂಪನಶಾಮಕದ ಆಯ್ಕೆ

ಆರು ಸಿಲಿಂಡರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಕಟ್ಟಿದ ಮೋಟಾರು ಎಂಜಿನಿಗೆ ನಡುಕವಿಲ್ಲದೆ ಓಡುವುದೆಂಬ ಕೀರ್ತಿ ಮೊದಲಿನಿಂದಲೂ ಉಂಟು. ಕೀರ್ತಿ ಸುಳ್ಳಲ್ಲ. ಏರಿಳಿಯುವ ಪಿಸ್ಟನ್ನುಗಳ ಜಡತ್ವದಿಂದ ಹುಟ್ಟುವ ಬಲಗಳು ಈ ಜೋಡಣೆಯಲ್ಲಿ ಒಂದಕ್ಕೊಂದು ಎದುರಾಗಿ ವಜಾ ಆಗುತ್ತವೆ. ನಾಲ್ಕು ಸಿಲಿಂಡರುಗಳ ಎಂಜಿನಿನಲ್ಲಿ ಉಳಿದುಬಿಡುವ, ಕ್ರ್ಯಾಂಕಿನ ಎರಡರಷ್ಟು ವೇಗದ ನಡುಕವೂ ಇಲ್ಲಿ ಉಳಿಯದು. ಹಾಗಿದ್ದ ಮೇಲೆ ಇಂಥ ಎಂಜಿನಿನ ಮುಂತುದಿಯಲ್ಲಿ ‘ಹಾರ್ಮೋನಿಕ್ ಬ್ಯಾಲೆನ್ಸರ್’ ಎಂಬ ದಪ್ಪನೆಯ ಚಕ್ರವೊಂದನ್ನು ಏಕೆ ಕೂಡಿಸಿರುತ್ತಾರೆ? ಸಮತೋಲವಾಗಿಯೇ ಇರುವುದನ್ನು ಮತ್ತೆ ಸಮತೋಲಗೊಳಿಸುವುದೆಂದರೇನು?

ತೊಡಕಿಗೆ ಮೂಲ ಆ ಹೆಸರೇ. ಈ ಚಕ್ರ ಯಾವುದನ್ನೂ ತೂಗಿ ಸರಿದೂಗಿಸುವುದಿಲ್ಲ. ಅಮೆರಿಕದ ಕೆಲವು ಎಂಜಿನುಗಳಲ್ಲಿ, ಉದಾಹರಣೆಗೆ ಷೆವ್ರೊಲೆಯ 400 ಘನ ಅಂಗುಲದ ಎಂಟು ಸಿಲಿಂಡರಿನದರಲ್ಲಿ, ಕ್ರ್ಯಾಂಕಿನ ಸಮತೋಲಕ್ಕೆ ಬೇಕಾದ ತೂಕದ ಒಂದು ಪಾಲನ್ನು ಈ ಚಕ್ರದ ಮೇಲೆಯೇ ಇರಿಸಿದ್ದರು. ಅಲ್ಲಿ ಹೆಸರಿಗೆ ಸ್ವಲ್ಪ ಅರ್ಥವಿದೆ. ಸಾಲಿನ ಆರು ಸಿಲಿಂಡರಿನ ಎಂಜಿನುಗಳಲ್ಲಿ ಸಾಮಾನ್ಯವಾಗಿ ಅಂಥ ಅಗತ್ಯವೇ ಇಲ್ಲ. ಇಲ್ಲಿ ಅದರ ಕೆಲಸ ಕ್ರ್ಯಾಂಕ್‌ಷಾಫ್ಟಿನ ತಿರುಚು ಕಂಪನವನ್ನು ಅಡಗಿಸುವುದು. ಆದುದರಿಂದ ನಾನು ಅದನ್ನು ಕಂಪನಶಾಮಕವೆಂದೇ ಕರೆಯುತ್ತೇನೆ.

ಒದ್ದೆ ಬಟ್ಟೆಯನ್ನು ಹಿಂಡುವಾಗ ಅದರ ಎರಡು ತುದಿಗಳು ಎದುರುಬದುರಾಗಿ ತಿರುಗುವುದಷ್ಟೆ. ಉಕ್ಕಿನ ಕ್ರ್ಯಾಂಕ್‌ಷಾಫ್ಟೂ ಹಾಗೆಯೇ ತಿರುಚಿಕೊಳ್ಳುತ್ತದೆ. ಕೇವಲ ಒಂದು ಡಿಗ್ರಿಯ ಭಾಗದಷ್ಟು, ಆದರೆ ಸೆಕೆಂಡಿಗೆ ನೂರಾರು ಬಾರಿ. ಹಿಂದಿನ ತುದಿಯಲ್ಲಿ ಭಾರವಾದ ಫ್ಲೈವೀಲ್ ಇರುವುದರಿಂದ ಆ ಕಡೆ ಬಹುಮಟ್ಟಿಗೆ ನಿಶ್ಚಲ. ಮುಂದಿನ ತುದಿ ಹೆಚ್ಚು ಓಲಾಡುತ್ತದೆ. ನಮ್ಮ ಕಾಲೇಜುಗಳ ಪ್ರಯೋಗಶಾಲೆಯಲ್ಲಿ ತಂತಿಗೆ ಬಿಲ್ಲೆಯೊಂದನ್ನು ತೂಗುಹಾಕಿ, ತಿರುವಿ ಬಿಟ್ಟು, ಆಂದೋಲನದ ಕಾಲವನ್ನು ಎಣಿಸುತ್ತೇವಲ್ಲವೆ? ಅದೇ ತಿರುಚು ಲೋಲಕ ಇದು. ಹಳೆಯ ಪಂದ್ಯದ ಕಾರುಗಳ ಸಹವಾಸ ನಮ್ಮಲ್ಲಿ ಎಷ್ಟು ಮಂದಿಗೆ ಉಂಟು ಎಂದು ವಿದ್ಯಾರ್ಥಿಗಳು ಕೇಳಬಹುದು. ಬಿಲ್ಲೆಯನ್ನು ಎಣಿಸಿ ಎಣಿಸಿ ಬೇಸತ್ತವರಿಗೆ, ಅದೇ ಸೂತ್ರದಿಂದ ದೊಡ್ಡದೊಂದು ಎಂಜಿನು ಉಳಿಯುವುದೋ ಮುರಿಯುವುದೋ ನಿರ್ಧಾರವಾಗುತ್ತದೆಂದು ತಿಳಿಸುವುದೇ ನನ್ನ ಆಸೆ.

ದಂಡದ ತಿರುಚು ಬಿಗುಪು ಅದರ ವ್ಯಾಸದ ನಾಲ್ಕನೆಯ ಘಾತದಂತೆ ಹೆಚ್ಚುತ್ತದೆ, ಉದ್ದ ಬೆಳೆದಂತೆ ಕುಗ್ಗುತ್ತದೆ. ಆರು ಸಿಲಿಂಡರುಗಳ ಸಾಲಿಗೆ ಉದ್ದನೆಯ ಕ್ರ್ಯಾಂಕ್ ಬೇಕೇ ಬೇಕು. ಬಿಗುಪು ಕಡಮೆ, ಜಡತ್ವ ಹೆಚ್ಚು. ಆದಕಾರಣ ಸ್ವಾಭಾವಿಕ ಆವೃತ್ತಿ ಕೆಳಗಿಳಿದು ಎಂಜಿನು ಓಡುವ ವೇಗಗಳಿಗೆ ಸಮೀಪವಾಗುತ್ತದೆ. ಲೆಕ್ಕಕ್ಕಾಗಿ ಅದನ್ನು ಸೆಕೆಂಡಿಗೆ 300 ಎಂದಿಟ್ಟುಕೊಳ್ಳೋಣ. ನಾಲ್ಕು ಹೊಡೆತಗಳ ಎಂಜಿನಾದುದರಿಂದ ಒಂದು ಸುತ್ತಿಗೆ ಮೂರು ಸಿಲಿಂಡರುಗಳು ಉರಿಯುತ್ತವೆ. ನಿಮಿಷಕ್ಕೆ 6,000 ಸುತ್ತು ಎಂದರೆ ಸೆಕೆಂಡಿಗೆ 100; ಉರಿಯ ಏಟುಗಳು 300. ಅನುರಣನ ಸಿದ್ಧವಾಯಿತು! ಅಷ್ಟಕ್ಕೇ ಮುಗಿಯಲಿಲ್ಲ. ವೀಣೆಯ ತಂತಿಯಲ್ಲಿ ಮೂಲಸ್ವರದೊಡನೆ ಮೇಲುಸ್ವರಗಳು ಸೇರಿರುವಂತೆ, ಒಂದೊಂದು ಏಟಿನಲ್ಲಿಯೂ ಹಲವು ಆವೃತ್ತಿಗಳು ಅಡಗಿವೆ. ಹೆಸರಿನ ‘ಹಾರ್ಮೋನಿಕ್’ ಬಂದದ್ದು ಇಲ್ಲಿಂದ. ಸುತ್ತಿಗೆ ಆರು ಬಾರಿಯ ಅಂಶ 3,000 ಸುತ್ತುಗಳಲ್ಲಿಯೂ, ನಾಲ್ಕೂವರೆ ಬಾರಿಯ ಅಂಶ 4,000 ಸುತ್ತುಗಳಲ್ಲಿಯೂ ಅದೇ 300ನ್ನು ಮುಟ್ಟುತ್ತವೆ. ಉಯ್ಯಾಲೆಯನ್ನು ಸರಿಯಾದ ಗಳಿಗೆಯಲ್ಲಿ ತಳ್ಳಿದಂತೆ ತಿರುಚು ಬೆಳೆಯುತ್ತದೆ. ಲೋಹ ದಣಿಯುತ್ತದೆ. ಕೂದಲೆಳೆಯಷ್ಟು ಬಿರುಕು ಎಲ್ಲಿಯೋ ಮೂಲೆಯಲ್ಲಿ ಹುಟ್ಟಿ, ಒಂದು ದಿನ ದಂಡ ತುಂಡಾಗುತ್ತದೆ.

ಇದು ಊಹೆಯ ಮಾತಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ರೋಲ್ಸ್‌ರಾಯ್ಸ್ ಸಂಸ್ಥೆಯ 30 ಅಶ್ವಶಕ್ತಿಯ ಆರು ಸಿಲಿಂಡರಿನ ಕಾರು ಕ್ರ್ಯಾಂಕ್ ಮುರಿತದಿಂದ ಬಳಲಿತು. ಹೆನ್ರಿ ರಾಯ್ಸ್ ಕಾರಣವನ್ನು ಹುಡುಕಿ, 1906ರಲ್ಲಿ ಹೊರಬಂದ 40/50ಕ್ಕೆ ಹೆಚ್ಚು ಬಿಗುಪಾದ ಕ್ರ್ಯಾಂಕನ್ನು ಕೊಟ್ಟ. ಸುಮಾರು 1910ರಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಣ್ಣೆಯ ಪದರಗಳ ಮೂಲಕ ಕಂಪನದ ಶಕ್ತಿಯನ್ನು ಉಷ್ಣವಾಗಿ ಕಳೆಯುವ ಶಾಮಕವನ್ನು ರೂಪಿಸಿದ. ಇಂದು ಮಾರುವ ಶಾಮಕಗಳಲ್ಲಿ ಒಂದು ಬಗೆ ಇವನದರ ನೇರ ಸಂತತಿ.

ಈ ಬಗೆಯದರಲ್ಲಿ ಮುಚ್ಚಿದ ಕವಚದೊಳಗೆ ಭಾರವಾದ ಬಳೆಯೊಂದು ಗಟ್ಟಿ ಸಿಲಿಕೋನ್ ದ್ರವದಲ್ಲಿ ತೇಲುತ್ತಿರುತ್ತದೆ. ಕ್ರ್ಯಾಂಕ್ ತಡಬಡಿಸಿದರೂ ಬಳೆ ತನ್ನ ಸಮವೇಗವನ್ನು ಬಿಡದು. ನಡುವಿನ ದ್ರವ ಉಜ್ಜಿ ಬಿಸಿಯಾಗುತ್ತದೆ. ಇನ್ನೊಂದು ಬಗೆಯದರಲ್ಲಿ ನಡುಗುಂಬಕ್ಕೂ ಹೊರಬಳೆಗೂ ಮಧ್ಯೆ ರಬ್ಬರು. ಇದು ಶ್ರುತಿ ಮಾಡಿದ ವಾದ್ಯದಂತೆ: ರಬ್ಬರು ಮತ್ತು ಬಳೆಯ ಆವೃತ್ತಿಯನ್ನು ಕ್ರ್ಯಾಂಕಿನದಕ್ಕೆ ಸಮೀಪವಾಗಿ ಹೊಂದಿಸಿರುತ್ತಾರೆ. ಆಗ ಅನುರಣನದ ಒಂದು ಎತ್ತರದ ಶಿಖರ ಒಡೆದು ಎರಡು ತಗ್ಗಾದ ದಿಬ್ಬಗಳಾಗುತ್ತವೆ.

ಈಗ ಆಯ್ಕೆಯ ಮಾತು. ಜಾಗ್ವಾರಿನ ಎಕ್ಸ್‌ಕೆ ಎಂಜಿನನ್ನೇ ತೆಗೆದುಕೊಳ್ಳೋಣ. 1948ರಲ್ಲಿ 3,442 ಘನ ಸೆಂಟಿಮೀಟರಿನ ರೂಪದಲ್ಲಿ ಕಾಣಿಸಿಕೊಂಡು, 1951ರಿಂದ 1957ರೊಳಗೆ ಐದು ಬಾರಿ ಲ ಮಾನ್ ಪಂದ್ಯವನ್ನು ಗೆದ್ದುಕೊಟ್ಟ ಈ ಎಂಜಿನನ್ನು ಇಂದಿಗೂ ಆಸಕ್ತರು ಜೀರ್ಣೋದ್ಧಾರ ಮಾಡಿ ಓಡಿಸುತ್ತಾರೆ. ಅದರ ಕ್ರ್ಯಾಂಕಿಗೆ ಏಳು ಬೇರಿಂಗುಗಳು. ಏಳಿರುವಾಗ ಭಯವೇಕೆ ಎನ್ನುವವರುಂಟು. ಬೇರಿಂಗು ದಂಡ ಬಾಗುವುದನ್ನು ತಡೆಯುತ್ತದೆ, ತಿರುಚುವುದನ್ನಲ್ಲ. ನುಣ್ಣಗೆ ತಿರುಗಗೊಡುವುದೇ ಅದರ ಧರ್ಮ. 3.4, 3.8, 4.2 ಲೀಟರಿನವುಗಳಿಗೆ ಪಿಸ್ಟನ್ನಿನ ಓಟ 106 ಮಿಲಿಮೀಟರು, 2.4 ಲೀಟರಿನದಕ್ಕೆ 76.5 ಮಾತ್ರ. ಎಲ್ಲವೂ ಎಕ್ಸ್‌ಕೆ ಎಂಬ ಒಂದೇ ಕುಲದವಾದರೂ ಎಲ್ಲಕ್ಕೂ ಒಂದೇ ಶಾಮಕ ಒಗ್ಗುವುದೆಂದು ನಂಬಲು ಭೌತಶಾಸ್ತ್ರ ಒಪ್ಪದು. ‘ಆರು ಸಿಲಿಂಡರಿನದಕ್ಕೆ ಹೊಂದುತ್ತದೆ’ ಎಂಬ ಅಂಗಡಿಯ ಮಾತಿಗೆ ದಂಡದ ತುದಿಗೆ ತೂತು ಸರಿಹೋಗುತ್ತದೆ ಎನ್ನುವುದಕ್ಕಿಂತ ಹೆಚ್ಚಿನ ಅರ್ಥವಿರಬೇಕಾಗಿಲ್ಲ.

ಎಂಜಿನು ಮೂಲರೂಪದಲ್ಲಿಯೇ ಇದ್ದರೆ, ಆ ಎಂಜಿನಿಗೆಂದೇ ಮಾಡಿದ ರಬ್ಬರಿನ ಶಾಮಕವನ್ನು ಹೊಸ ರಬ್ಬರು ಹಾಕಿಸಿ ಬಳಸುವುದೇ ಮೇಲೆಂದು ನನ್ನ ಮತ. ಹಳೆಯ ರಬ್ಬರನ್ನು ನೆಚ್ಚಕೂಡದು. ಐವತ್ತು ಅರವತ್ತು ವರ್ಷಗಳ ಶಾಖಕ್ಕೂ ಎಣ್ಣೆಗೂ ಅದು ಗಟ್ಟಿಯಾಗುತ್ತದೆ. ಬಿಗುಪು ನೂರಕ್ಕೆ 44ರಷ್ಟು ಏರಿದರೆ ಅದರ ಆವೃತ್ತಿ ನೂರಕ್ಕೆ 20ರಷ್ಟು ಏರುತ್ತದೆ, ಶ್ರುತಿ ಕೆಡುತ್ತದೆ. ಹೊಸ ಕಾರ್ಬುರೇಟರುಗಳಿಗೆ ಹಣ ಸುರಿದು ಈ ಮುದಿ ರಬ್ಬರನ್ನು ಹಾಗೆಯೇ ಬಿಡುವವರ ಲೆಕ್ಕಾಚಾರ ನನಗೆ ಅರ್ಥವಾಗುವುದಿಲ್ಲ. ಹಗುರ ಪಿಸ್ಟನ್ನು, ಹಗುರ ಫ್ಲೈವೀಲು, ಬೇರೆ ಕ್ರ್ಯಾಂಕು ಎಂದು ಒಳಗನ್ನು ಬದಲಾಯಿಸಿ ಹೆಚ್ಚು ವೇಗಕ್ಕೆ ಸಿದ್ಧಗೊಳಿಸಿದ್ದರೆ ಮಾತೇ ಬೇರೆ. ಆಗ ಸ್ವಾಭಾವಿಕ ಆವೃತ್ತಿಯೂ ಕದಲಿರುತ್ತದೆ, ಕಾರ್ಖಾನೆಯ ಶ್ರುತಿ ಹಳೆಯ ರಾಗಕ್ಕೆ ಸೇರಿದ್ದಾಗುತ್ತದೆ. ವಿಶಾಲ ವ್ಯಾಪ್ತಿಯಲ್ಲಿ ಕೆಲಸ ಮಾಡುವ ಸಿಲಿಕೋನ್ ಶಾಮಕ ಇಲ್ಲಿ ಹೆಚ್ಚು ಕ್ಷೇಮ. ಅಥವಾ ಕ್ರ್ಯಾಂಕಿನ ಕಂಪನವನ್ನು ಅಳೆಸಿ ಅದಕ್ಕೆ ತಕ್ಕಂತೆ ಹೊಂದಿಸಿದ ರಬ್ಬರಿನದನ್ನು ತರಬೇಕು. ಎಸ್‌ಎಫ್‌ಐ 18.1 ಎಂಬ ಅಮೆರಿಕದ ಮಾನದಂಡದ ಮುದ್ರೆಯಿದ್ದರೆ ಒಳ್ಳೆಯದೇ. ಆದರೆ ಅದು ಅತಿವೇಗದಲ್ಲಿ ಬಳೆ ಸಿಡಿದು ಹಾರದೆಂಬ ಭರವಸೆ. ನಿಮ್ಮ ಕ್ರ್ಯಾಂಕಿಗೆ ಶ್ರುತಿ ಕೂಡಿದೆಯೆಂಬ ಪ್ರಮಾಣವಲ್ಲ.

ಶಾಮಕವನ್ನೇ ಕಿತ್ತು ಅಲ್ಯೂಮಿನಿಯಮ್ಮಿನ ಹಗುರವಾದ ಘನ ಗಾಲಿಯನ್ನು ಹಾಕುವ ರೂಢಿಯನ್ನು ಮಾತ್ರ ನಾನು ಎಷ್ಟು ವಿರೋಧಿಸಿದರೂ ಸಾಲದು. ಎಂಜಿನು ಬೇಗ ವೇಗ ಪಡೆಯುತ್ತದೆ, ನಿಜ. ‘ತೆಗೆದ ಮೇಲೂ ಮೊದಲಿನಷ್ಟೇ ನಯವಾಗಿ ಓಡುತ್ತಿದೆ’ ಎಂದು ಓಡಿಸುವವರು ಹೇಳುವುದೂ ನಿಜವೇ ಇರಬಹುದು. ಆದರೆ ಅದು ಸಾಕ್ಷ್ಯವಾಗಲಾರದು. ತಿರುಚು ಕಂಪನ ದಂಡದೊಳಗೇ ನಡೆಯುವ ವ್ಯಾಪಾರ. ಆಸನಕ್ಕೂ ಚಾಲನ ಚಕ್ರಕ್ಕೂ ಅದು ಬಹುಮಟ್ಟಿಗೆ ತಲುಪುವುದೇ ಇಲ್ಲ. ಸಡಿಲವಾದ ಫ್ಲೈವೀಲಿನ ಬೋಲ್ಟುಗಳು, ಸವೆದ ಟೈಮಿಂಗ್ ಚೈನು ಇವುಗಳೇ ಅದರ ಗುರುತು. ಅವನ್ನು ನೋಡುವ ಹೊತ್ತಿಗೆ ಬಿರುಕು ಹುಟ್ಟಿಯೂ ಇರಬಹುದು.

ಕೊಂಡುತಂದ ಮೇಲೆ ಕೂಡಿಸುವಾಗ ಸುತ್ತಿಗೆಯನ್ನು ದೂರವಿಡತಕ್ಕದ್ದು. ಸಿಲಿಕೋನ್ ಶಾಮಕದ ಕವಚಕ್ಕೂ ಬಳೆಗೂ ನಡುವಿನ ಸಂದು ಬಲು ಕಿರಿದು, ಸಣ್ಣ ತಗ್ಗು ಬಿದ್ದರೂ ಬಳೆ ಕಚ್ಚಿಕೊಂಡು ವಸ್ತು ನಿಷ್ಪ್ರಯೋಜಕವಾಗುತ್ತದೆ. ರಬ್ಬರಿನದನ್ನು ಹೊರಬಳೆಯಿಂದ ಹಿಡಿದೆಳೆದರೆ ಅಂಟು ಬಿಡುತ್ತದೆ. ಅಂಟು ಬಿಟ್ಟ ಬಳೆ ಸ್ವಲ್ಪ ಸ್ವಲ್ಪವಾಗಿ ಜಾರುತ್ತದೆ. ಕಿಡಿಯ ಕಾಲವನ್ನು ಹೊಂದಿಸುವ ಗೆರೆ ಆ ಬಳೆಯ ಮೇಲೆಯೇ ಇರುವ ಎಂಜಿನುಗಳಲ್ಲಿ ಗೆರೆಯೂ ಅದರೊಡನೆ ಸರಿದು ಸುಳ್ಳು ಹೇಳತೊಡಗುತ್ತದೆ. ಪತ್ತೆಗೆ ಉಪಾಯ ಸುಲಭ: ನಡುಗುಂಬದಿಂದ ರಬ್ಬರನ್ನು ದಾಟಿ ಹೊರಬಳೆಯವರೆಗೆ ಬಿಳಿಯ ಬಣ್ಣದಲ್ಲಿ ಒಂದು ನೇರ ಗೆರೆ ಎಳೆದು, ಕೆಲವು ನೂರು ಮೈಲಿ ಓಡಿಸಿ ಬಂದು ನೋಡಿರಿ. ಗೆರೆ ತುಂಡಾಗಿದ್ದರೆ ಅಂದಿನಿಂದ ಆ ಶಾಮಕವನ್ನು ಉಪಯೋಗಿಸಬೇಡಿರಿ.