ಸಾವಿರ ದೀನಾರದ ಸೇನಾನಿ

ಹಿಂದೊಮ್ಮೆ ನಾವು ಹಿರೇಹಂದಿಗೋಳದಿಂದ ಲಕ್ಕುಂಡಿಯ ಗುಡಿಗಳನ್ನು ನೋಡಹೋದಾಗ, ಮೂಗು ಮುರಿದ ವಿಗ್ರಹವೊಂದರ ಎದುರು ನಿಂತು ನಮ್ಮ ಮೊಮ್ಮಗನು, “ಮುತ್ತ್ಯಾ, ಇದನ್ನ ಒಡೆದಾಂವ ಯಾರು?” ಎಂದು ಕೇಳಿದನು. ನಾವು ಬಾಯಿ ತೆರೆಯುವದರೊಳಗೆ ಪಕ್ಕದಲ್ಲಿದ್ದ ಗೃಹಸ್ಥರೊಬ್ಬರು, “ಮಲಿಕ ಕಾಫೂರ” ಎಂದುಬಿಟ್ಟರು. ಶಾಲೆಯಲ್ಲಿ ನಾವೂ ಎಷ್ಟೋ ವರ್ಷ ಇದೇ ಉತ್ತರವನ್ನು ಕೊಟ್ಟವರೇ. ಅಂದು ಮನೆಗೆ ಬಂದು ಇತಿಹಾಸದ ಪುಸ್ತಕಗಳನ್ನು ಮತ್ತೆ ತೆರೆದೆವು.

ಹುಟ್ಟಿನಿಂದ ಹಿಂದುವಾಗಿದ್ದ ಈತನು ಗುಜರಾತದ ಖಂಬಾಯತದಲ್ಲಿ ಗುಲಾಮನಾಗಿದ್ದನು. ಸಾವಿರ ದೀನಾರಗಳಿಗೆ ಕ್ರಯವಾದವನೆಂದು ಆತನಿಗೆ ‘ಹಜಾರ ದೀನಾರಿ’ ಎಂಬ ಅಡ್ಡಹೆಸರು. 1299ರಲ್ಲಿ ಅಲ್ಲಾವುದ್ದೀನ ಖಿಲಜಿಯ ದಂಡಿಗೆ ಸೆರೆಸಿಕ್ಕು ದಿಲ್ಲಿಯನ್ನು ಸೇರಿದವನು, ಹತ್ತು ವರ್ಷಗಳಲ್ಲಿ ಆ ಸುಲ್ತಾನನ ಬಲಗೈಯಾದನು. ದೇವಗಿರಿಯನ್ನು ಮಣಿಸಿ, 1310ರಲ್ಲಿ ಓರುಗಲ್ಲಿನ ಕಾಕತೀಯರಿಂದ ಕಪ್ಪವನ್ನು ಪಡೆದು, 1311ರ ಫೆಬ್ರವರಿಯಲ್ಲಿ ಹೊಯ್ಸಳರ ದೋರಸಮುದ್ರದ ಕೋಟೆಯ ಮುಂದೆ ಬಂದು ನಿಂತನು.

ಗದಗ, ಲಕ್ಕುಂಡಿಗಳ ಸೀಮೆಯಾದರೋ ಆಗ ಸೇವುಣ ರಾಮಚಂದ್ರದೇವನದು. ದಿಲ್ಲಿಗೆ ತಲೆಬಾಗಿದ್ದ ಈ ದೊರೆಯು ಕಾಫೂರನ ಸೈನ್ಯಕ್ಕೆ ಸಾಮಗ್ರಿಯನ್ನು ಒದಗಿಸಿದ್ದಲ್ಲದೆ ದಾರಿ ತೋರಿಸಲು ತನ್ನ ದಳವಾಯಿಯನ್ನೂ ಕೊಟ್ಟಿದ್ದನು. ಬುತ್ತಿ ಕಟ್ಟಿ ಕಳುಹಿದವನ ನಾಡಿನ ಗುಡಿಯನ್ನು ಒಡೆಯಲು ಸೇನಾನಿಗೆ ಕಾರಣವೇನಿದ್ದೀತು? ಮುಂದೆ ಮೂರು ಶತಮಾನಗಳ ವರೆಗೆ ಬಹಮನಿ, ವಿಜಯನಗರ, ಆದಿಲಶಾಹಿಗಳ ದಂಡುಗಳು ಈ ನೆಲವನ್ನು ತುಳಿದವೆಂಬದನ್ನು ಮರೆಯಲಾಗದು. ನಮ್ಮ ಹಳೆಯ ಉತ್ತರವನ್ನು ಮೊಮ್ಮಗನ ಎದುರು ಹಿಂದಕ್ಕೆ ತೆಗೆದುಕೊಂಡೆವು. ಹಾಗೆಂದು ಆತನು ಸಾಧುಪುರುಷನೇನೂ ಅಲ್ಲ. ತಮಿಳು ದೇಶದಲ್ಲಿ ಆತನು ಗುಡಿಗಳನ್ನು ಕೆಡವಿದುದನ್ನು ದಿಲ್ಲಿಯ ಕವಿ ಅಮೀರ ಖುಸ್ರೋ ಹೊಗಳಿಯೇ ಬರೆದಿರುವನು.

ಅದೇ ಖುಸ್ರೋ ಆ ದಂಡಯಾತ್ರೆಯ ಕೊಳ್ಳೆಯನ್ನು 512 ಆನೆ, 5,000 ಕುದುರೆ ಎಂದು ಎಣಿಸಿದನು. ನಾಲ್ವತ್ತು ವರ್ಷಗಳಿಗೂ ಮಿಕ್ಕಿದ ಮೇಲೆ ಬರೆದ ಬರನಿಯಲ್ಲಿ ಆನೆಗಳು 612 ಆದವು, ಕುದುರೆಗಳು 20,000! ಲಾಯದಲ್ಲಿ ಕಟ್ಟಿದ ಕುದುರೆಗಿಂತ ಕಾಗದದ ಮೇಲಿನ ಕುದುರೆಯೇ ಬೇಗ ಮರಿಹಾಕುವದೆಂದು ತೋರುತ್ತದೆ.

ಅಷ್ಟು ದೂರ ದಂಡನ್ನು ನಡೆಯಿಸಿ ಅದೇ ವರುಷ ಹಿಂದಿರುಗಿಸಿದ್ದು ಅಸಾಧಾರಣವಾದ ಸಾಮರ್ಥ್ಯವೆಂಬದು ನಿರ್ವಿವಾದ. ಆದರೆ ದಕ್ಷಿಣದಲ್ಲಿ ಆತನು ರಾಜ್ಯವನ್ನು ಸ್ಥಾಪಿಸಲಿಲ್ಲ, ಧನವನ್ನು ಹೊತ್ತೊಯ್ದನು. ಆತನ ಬಲವೆಲ್ಲ ಒಡೆಯನ ಆಶ್ರಯದ ಬಲವು. 1316ರ ಜನವರಿಯಲ್ಲಿ ಅಲ್ಲಾವುದ್ದೀನನು ತೀರಿಕೊಳ್ಳಲು, ಕಾಫೂರನು ಒಡೆಯನ ಹಿರಿಯ ಮಕ್ಕಳ ಕಣ್ಣು ಕೀಳಿಸಿ ಎಳೆಯ ಕೂಸನ್ನು ಪಟ್ಟಕ್ಕೆ ಕೂರಿಸಿದನು. ಸುಮಾರು ಮೂವತ್ತೈದು ದಿನಗಳಲ್ಲಿ ಅರಮನೆಯ ಕಾವಲುಗಾರರೇ ಆತನನ್ನು ಕೊಂದರು.

ಆತನಿಗೆ ಶರಣಾಗಿದ್ದ ಮುಮ್ಮಡಿ ಬಲ್ಲಾಳನಾದರೋ ಮುಂದೆಯೂ ಇಪ್ಪತ್ತೈದು ವರ್ಷಗಳಿಗೆ ಮಿಕ್ಕಿ ಆಳಿದನು. ಶರಣಾಗತಿಯ ತರುವಾಯ ಬಲ್ಲಾಳನ ಮಗನು ದಿಲ್ಲಿಗೆ ಹೋಗಬೇಕಾಗಿತ್ತು. 1313ರ ಮೇ ತಿಂಗಳಲ್ಲಿ ಆ ಕುಮಾರನು ಸುರಕ್ಷಿತವಾಗಿ ಮರಳಿ ಬಂದ ಸಂಗತಿಯನ್ನು ಶಿವಮೊಗ್ಗೆಯ ಒಂದು ಶಾಸನದಲ್ಲಿ ಕೊರೆದಿರುವರು. ಅದರಲ್ಲಿ ಆನೆಗಳ ಲೆಕ್ಕವಿಲ್ಲ.